ಬ್ರಿಟನ್ನಿನಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಓದು: ಫೌಂಡೇಶನ್ ವರ್ಷ ಯಾರಿಗೆ ಬೇಕು, ಯಾರಿಗೆ ಬೇಡ

ಬ್ರಿಟನ್ನಿನಲ್ಲಿ ರಾಜಕೀಯ ಮತ್ತು ಅಂತರರಾಷ್ಟ್ರೀಯ ಸಂಬಂಧಗಳನ್ನು ಓದಬೇಕೆಂದು ಹೊರಟವರು ಫೌಂಡೇಶನ್ ವರ್ಷದ ಬಗ್ಗೆ ಕೇಳುವ ಪ್ರಶ್ನೆಗಳು ಎರಡು ಬಗೆಯ ಮನೆಗಳಿಂದ ಬರುತ್ತವೆ. ಒಂದು, ಕರ್ನಾಟಕದಲ್ಲಿ ಪಿಯುಸಿ ಮುಗಿಸುತ್ತಿರುವ ಮಕ್ಕಳ ಮನೆ. ಅಲ್ಲಿ ಕನ್ಸಲ್ಟೆನ್ಸಿಯವರು ‘ಫೌಂಡೇಶನ್ ಮಾಡಿದರೆ ಸೀಟು ಗ್ಯಾರಂಟಿ’ ಎಂದು ಹೇಳಿ ಕಳಿಸಿರುತ್ತಾರೆ. ಇನ್ನೊಂದು, ಬ್ರಿಟನ್ನಿನಲ್ಲೇ ನೆಲೆಸಿರುವ ಕನ್ನಡದ ಮನೆ. ಮಗಳಿಗೆ ಅಲ್ಲಿನ ಹನ್ನೆರಡನೆಯ ತರಗತಿಗೆ ಸಮನಾದ ಎ-ಲೆವೆಲ್‌ನಲ್ಲಿ ನೆನೆಸಿದಷ್ಟು ಅಂಕ ಬಂದಿರುವುದಿಲ್ಲ, ಅಥವಾ ವಿಜ್ಞಾನ ಓದಿದ ಮಗ ಈಗ ‘ನನಗೆ ಪಾಲಿಟಿಕ್ಸ್ ಬೇಕು’ ಅನ್ನುತ್ತಿರುತ್ತಾನೆ. ಕೋರ್ಸಿನ ಹೆಸರು ಇಬ್ಬರಿಗೂ ಒಂದೇ. ಆದರೆ ಕಟ್ಟುವ ಹಣ, ವೀಸಾ, ಮುಂದಿರುವ ಆಯ್ಕೆ ಎಲ್ಲವೂ ಬೇರೆ. ಹಾಗಾಗಿ ಇಬ್ಬರಿಗೂ ಒಂದೇ ಉತ್ತರ ಹೇಳುವವರನ್ನು ನಾನು ನಂಬುವುದಿಲ್ಲ.

ಮೊದಲು ಫೌಂಡೇಶನ್ ವರ್ಷ ಏನೆಂದು ನೋಡೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಿ.ಎ. ಮೂರು ವರ್ಷ. ಅದರ ಹಿಂದೆ ‘ಸೊನ್ನೆಯ ವರ್ಷ’ ಒಂದನ್ನು ಜೋಡಿಸಿದರೆ ನಾಲ್ಕಾಗುತ್ತದೆ. ಆ ವರ್ಷದಲ್ಲಿ ಪ್ರಬಂಧ ಬರೆಯುವುದು, ಆಧಾರಗಳನ್ನು ಸರಿಯಾಗಿ ನಮೂದಿಸುವುದು, ಸೆಮಿನಾರಿನಲ್ಲಿ ಬಾಯಿ ಬಿಟ್ಟು ವಾದಿಸುವುದು, ಜೊತೆಗೆ ಸಮಾಜ ವಿಜ್ಞಾನದ ಒಂದಿಷ್ಟು ಪರಿಚಯ. ಪಾಸಾಗಲು ಸಾಮಾನ್ಯವಾಗಿ 40 ಅಂಕ ಸಾಕು. ಈ ಅಂಕಗಳು ಕೊನೆಯ ಡಿಗ್ರಿಯ ದರ್ಜೆಗೆ ಸೇರುವುದಿಲ್ಲ. ನಾಲ್ಕು ವರ್ಷ ಓದಿದರೂ ಕೈಗೆ ಬರುವುದು ಮೂರು ವರ್ಷ ಓದಿದವರಿಗೆ ಬರುವ ಅದೇ ಬಿ.ಎ. ಆನರ್ಸ್. ನಮ್ಮಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಆನರ್ಸ್ ಬಂದ ಮೇಲೆ ಇವೆರಡನ್ನೂ ಒಂದೇ ಎಂದುಕೊಳ್ಳುವವರು ಹೆಚ್ಚಾಗಿದ್ದಾರೆ. ಅಲ್ಲಿನ ಹೆಚ್ಚುವರಿ ವರ್ಷ ಡಿಗ್ರಿಯ ಮುಂಚಿನದು, ಇಲ್ಲಿನದು ಡಿಗ್ರಿಯೊಳಗಿನದು.

ಯಾವುದನ್ನು ಇಟ್ಟು ಅಳೆಯಬೇಕು

ಆಯ್ಕೆಗಳಿಗೆ ಹೋಗುವ ಮುಂಚೆ ಅಳತೆಗೋಲುಗಳು. ಎಲ್ಲಕ್ಕಿಂತ ಮೊದಲನೆಯದು: ಈ ವರ್ಷವಿಲ್ಲದೆ ನಿಮಗೆ ಸೀಟು ಸಿಗುವುದೇ ಇಲ್ಲವೇ? ಸಿಗುವುದಾದರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಎರಡನೆಯದು, ಪಾಸಾದ ಮೇಲೆ ಮುಂದಿನ ಸೀಟು ಎಷ್ಟು ಖಚಿತ? ‘ನಿಮ್ಮ ಅರ್ಜಿಯನ್ನು ಪರಿಗಣಿಸುತ್ತೇವೆ’ ಅನ್ನುವುದಕ್ಕೂ ‘ಇಷ್ಟು ಅಂಕ ಬಂದರೆ ಸೀಟು ಕೊಟ್ಟೇ ಕೊಡುತ್ತೇವೆ’ ಅನ್ನುವುದಕ್ಕೂ ಇರುವ ಅಂತರ ಲಕ್ಷಾಂತರ ರೂಪಾಯಿಯದು. ಮೂರನೆಯದು ಫೀ, ಅದರಲ್ಲೂ ನೀವು ಅಲ್ಲೇ ಖಾಯಂ ನೆಲೆಸಿದವರ ಫೀ ಕಟ್ಟುವ ‘ಹೋಮ್’ ವಿದ್ಯಾರ್ಥಿಯೋ ‘ಇಂಟರ್‌ನ್ಯಾಷನಲ್’ ವಿದ್ಯಾರ್ಥಿಯೋ ಅನ್ನುವುದು. ನಾಲ್ಕನೆಯದು, ನಡುವೆ ಮನಸ್ಸು ಬದಲಾದರೆ ಅಥವಾ ಅಂಕ ಕಡಿಮೆ ಬಂದರೆ ಆ ವರ್ಷಕ್ಕೆ ಬೇರೆಡೆ ಬೆಲೆ ಇದೆಯೇ. ವೀಸಾ, ಕೆಲಸದ ಗಂಟೆ, ಊರು, ವಿಭಾಗದ ಸ್ವಭಾವ ಇವೆಲ್ಲ ಇವುಗಳ ನಂತರ. ವಿಶ್ವವಿದ್ಯಾಲಯದ ರ‍್ಯಾಂಕಿಂಗ್ ಇನ್ನೂ ನಂತರ.

ನೇರ ಪ್ರವೇಶ: ಎಷ್ಟೋ ಜನ ನೋಡದೆ ಬಿಟ್ಟ ದಾರಿ

ಬ್ರಿಟನ್ನಿನ ಬಹಳಷ್ಟು ವಿಶ್ವವಿದ್ಯಾಲಯಗಳು ಭಾರತದ ಹನ್ನೆರಡನೆಯ ತರಗತಿಯ ಅಂಕಗಳ ಮೇಲೆ ನೇರವಾಗಿ ಬಿ.ಎ.ಯ ಮೊದಲ ವರ್ಷಕ್ಕೆ ಸೇರಿಸಿಕೊಳ್ಳುತ್ತವೆ. 2022ರ ಜುಲೈಯಲ್ಲಿ ಎರಡೂ ದೇಶಗಳು ಪರಸ್ಪರ ವಿದ್ಯಾರ್ಹತೆಗಳನ್ನು ಮಾನ್ಯ ಮಾಡುವ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಈ ವಿಷಯದಲ್ಲಿ ಇನ್ನಷ್ಟು ಸ್ಪಷ್ಟತೆ ಬಂದಿದೆ. ಸಿಬಿಎಸ್‌ಇ, ಐಎಸ್‌ಸಿಗೆ ಕೇಳುವ ಶೇಕಡಾವಾರಿಗಿಂತ ರಾಜ್ಯ ಬೋರ್ಡುಗಳಿಗೆ ಕೆಲವು ಅಂಕ ಹೆಚ್ಚು ಕೇಳುವುದು ರೂಢಿ. ಕೆಲವು ಕಡೆ ರಾಜ್ಯ ಬೋರ್ಡಿನ ಹೆಸರೇ ಪಟ್ಟಿಯಲ್ಲಿ ಇರುವುದಿಲ್ಲ. ಆಗ ಅಡ್ಮಿಶನ್ ವಿಭಾಗಕ್ಕೆ ಇಮೇಲ್ ಬರೆದು ಕೇಳುವುದೊಂದೇ ದಾರಿ. ಆರು ವಿಷಯಗಳಲ್ಲಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೀರಿ ಎಂಬುದನ್ನೂ ಅದೇ ಇಮೇಲಿನಲ್ಲಿ ಕೇಳಿ. ಒಟ್ಟು ಶೇಕಡಾವಾರು ಬೇರೆ, ಅವರು ಆರಿಸಿಕೊಳ್ಳುವ ವಿಷಯಗಳ ಸರಾಸರಿ ಬೇರೆ.

ಪಿಸಿಎಂಬಿ ಓದಿದ ಮಕ್ಕಳಿಗೆ ಒಂದು ಮಾತು. ರಾಜಕೀಯ ಅಥವಾ ಐಆರ್ (ಅಂತರರಾಷ್ಟ್ರೀಯ ಸಂಬಂಧಗಳು) ಪದವಿಗೆ ಬಹುತೇಕ ವಿಶ್ವವಿದ್ಯಾಲಯಗಳು ಇಂಥದ್ದೇ ವಿಷಯ ಓದಿರಬೇಕು ಎಂದು ಕೇಳುವುದಿಲ್ಲ. ಅಲ್ಲಿನ ಎ-ಲೆವೆಲ್ ಮಕ್ಕಳಲ್ಲೂ ರಾಜಕೀಯವನ್ನೇ ಓದಿರದವರು ಎಷ್ಟೋ ಜನ ಸೇರುತ್ತಾರೆ. ‘ಸೈನ್ಸ್‌ನಿಂದ ಆರ್ಟ್ಸ್‌ಗೆ ಬರುತ್ತಿದ್ದೀರಿ, ಆದ್ದರಿಂದ ಫೌಂಡೇಶನ್ ಕಡ್ಡಾಯ’ ಎಂದು ಯಾರಾದರೂ ಹೇಳಿದರೆ ಅದನ್ನು ಲಿಖಿತವಾಗಿ ಕೊಡಲು ಕೇಳಿ. ಕೊಡುವುದಿಲ್ಲ.

ಒಂದು ತೊಡಕು ಮಾತ್ರ ನಿಜ. ಪಿಯುಸಿಯಲ್ಲಿ ಐದು ಅಂಕದ, ಹತ್ತು ಅಂಕದ ಉತ್ತರ ಬರೆದು ಬಂದವರಿಗೆ ಅಲ್ಲಿ ಮೊದಲ ಸೆಮಿಸ್ಟರಿನಲ್ಲೇ ಒಂದೂವರೆ ಎರಡು ಸಾವಿರ ಪದಗಳ ಪ್ರಬಂಧ ಕೊಟ್ಟರೆ ಕೈಕಾಲು ಬಿಡುತ್ತದೆ. ಓದಿದ್ದನ್ನು ಒಪ್ಪಿಸುವುದಲ್ಲ, ಇಬ್ಬರು ಪಂಡಿತರ ವಾದಗಳನ್ನು ಎದುರುಬದುರು ನಿಲ್ಲಿಸಿ ನಿಮ್ಮ ತೀರ್ಮಾನ ಹೇಳಬೇಕು. ಆದರೆ ಮೊದಲ ವರ್ಷದ ಅಂಕಗಳು ಇಂಗ್ಲೆಂಡಿನ ಬಹುತೇಕ ಕಡೆ ಡಿಗ್ರಿಯ ದರ್ಜೆಗೆ ಲೆಕ್ಕವಿಲ್ಲ. ಕಲಿಯಲು, ಎಡವಲು ಆ ವರ್ಷ ಇದ್ದೇ ಇದೆ. ಅಂಕ ಸಾಕಾಗುವ ಹುಡುಗ ಅಥವಾ ಹುಡುಗಿ ಬರವಣಿಗೆಯ ಭಯಕ್ಕಾಗಿ ಮಾತ್ರ ಇನ್ನೊಂದು ವರ್ಷದ ಫೀ ಕಟ್ಟಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಪದವಿಯೊಳಗೇ ಸೇರಿದ ಫೌಂಡೇಶನ್ ವರ್ಷ

ಕೋರ್ಸಿನ ಹೆಸರಿನಲ್ಲೇ ‘ವಿತ್ ಫೌಂಡೇಶನ್ ಇಯರ್’ ಎಂದು ಇರುತ್ತದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಯುಕಾಸ್ ವ್ಯವಸ್ಥೆಯಲ್ಲಿ ಅದಕ್ಕೆ ಬೇರೆಯೇ ಕೋಡ್. ಒಂದೇ ಅರ್ಜಿ, ಒಂದೇ ಪ್ರವೇಶ. ಸೊನ್ನೆಯ ವರ್ಷ ಪಾಸಾದರೆ ಮತ್ತೆ ಅರ್ಜಿ ಹಾಕದೆ ಮುಂದಕ್ಕೆ. ಸೀಟಿನ ಖಚಿತತೆಯ ದೃಷ್ಟಿಯಿಂದ ಇದಕ್ಕಿಂತ ನೆಮ್ಮದಿಯ ದಾರಿ ಇಲ್ಲ.

ಈ ಪದ್ಧತಿಯ ಹಳೆಯ ಮನೆ ಸ್ಟಾಫರ್ಡ್‌ಶೈರಿನ ಕೀಲ್ ವಿಶ್ವವಿದ್ಯಾಲಯ. 1950ರಲ್ಲಿ ಮೊದಲ ವಿದ್ಯಾರ್ಥಿಗಳು ಬಂದಾಗಲೇ ಅಲ್ಲಿ ಪದವಿ ನಾಲ್ಕು ವರ್ಷದ್ದು. ಮೊದಲ ವರ್ಷ ಎಲ್ಲರೂ ಎಲ್ಲ ವಿದ್ಯೆಗಳ ರುಚಿ ನೋಡಬೇಕಿತ್ತು. ಅದನ್ನು ರೂಪಿಸಿದ ಎ. ಡಿ. ಲಿಂಡ್ಸೆ, ಅದಕ್ಕೂ ಇಪ್ಪತ್ತು ವರ್ಷ ಮೊದಲು ಭಾರತದ ಕ್ರೈಸ್ತ ಕಾಲೇಜುಗಳ ಸ್ಥಿತಿಗತಿ ನೋಡಲು ಬಂದ ಆಯೋಗದ ಮುಖ್ಯಸ್ಥರಾಗಿ ನಮ್ಮ ದೇಶವನ್ನು ಸುತ್ತಿದವರು. ಅಂದಿನ ಫೌಂಡೇಶನ್ ವರ್ಷ ವಿಶಾಲವಾದ ವಿದ್ಯೆಗೆ ಇದ್ದದ್ದು. ಇಂದಿನದು ಹೆಚ್ಚಾಗಿ ಅಂಕ ಕಡಿಮೆಯಾದವರನ್ನು ದಡ ಸೇರಿಸಲು.

ಇಲ್ಲಿ ಹೋಮ್ ವಿದ್ಯಾರ್ಥಿಗಳಿಗೆ ಇತ್ತೀಚೆಗೆ ದೊಡ್ಡ ಬದಲಾವಣೆ ಆಗಿದೆ. ಇಂಗ್ಲೆಂಡಿನಲ್ಲಿ 2025-26ರಿಂದ ತರಗತಿಯಲ್ಲೇ ನಡೆಯುವ ವಿಷಯಗಳ ಫೌಂಡೇಶನ್ ವರ್ಷಕ್ಕೆ ಗರಿಷ್ಠ ಫೀ 5,760 ಪೌಂಡ್. ರಾಜಕೀಯ, ಐಆರ್ ಇದರಲ್ಲಿ ಬರುತ್ತವೆ. ಪದವಿಯ ವರ್ಷಗಳಿಗೆ ಅದೇ ಸಾಲಿನ ಮಿತಿ 9,535. ಅಂದರೆ ಆ ದರದಲ್ಲಿ ನಾಲ್ಕು ವರ್ಷಕ್ಕೆ 34,365 ಪೌಂಡ್. ಫೌಂಡೇಶನ್ ಇಲ್ಲದಿದ್ದರೆ 28,605. ಫೀ ಸಾಲ, ಖರ್ಚಿನ ಸಾಲ ಎರಡೂ ಸೊನ್ನೆಯ ವರ್ಷಕ್ಕೂ ಸಿಗುತ್ತವೆ. ವರ್ಷಕ್ಕೆ 25,000 ಪೌಂಡ್ ದುಡಿಮೆ ದಾಟಿದ ಮೇಲಷ್ಟೇ, ದಾಟಿದ ಮೊತ್ತದ ಶೇ. 9ರಷ್ಟು ತೀರಿಸುವುದು, 40 ವರ್ಷಕ್ಕೆ ಉಳಿದದ್ದು ಮನ್ನಾ. ಆದರೆ ಫೀ ಇಳಿದ ಮೇಲೆ ಕೆಲವು ವಿಶ್ವವಿದ್ಯಾಲಯಗಳಿಗೆ ಈ ವರ್ಷ ನಡೆಸುವುದು ನಷ್ಟದ ಬಾಬ್ತು. ಕಳೆದ ವರ್ಷ ಇದ್ದ ಕೋರ್ಸ್ ಈ ವರ್ಷ ಇದೆಯೇ ಎಂದು ಮೊದಲು ನೋಡಿ.

ಇಂಟರ್‌ನ್ಯಾಷನಲ್ ವಿದ್ಯಾರ್ಥಿಗಳಿಗೆ ಈ 5,760ರ ಮಿತಿ ಅನ್ವಯಿಸುವುದಿಲ್ಲ. ಅಷ್ಟೇ ಅಲ್ಲ, ಎಷ್ಟೋ ಕಡೆ ಈ ಕೋರ್ಸ್ ಹೋಮ್ ವಿದ್ಯಾರ್ಥಿಗಳಿಗೆ ಮಾತ್ರ. ವಿದೇಶದವರು ಅರ್ಜಿ ಹಾಕಿದರೆ ಪಾಲುದಾರ ಕಾಲೇಜಿನ ಕಡೆ ಕೈತೋರಿಸುತ್ತಾರೆ. ವೆಬ್‌ಸೈಟಿನಲ್ಲಿ ಇದು ಸಣ್ಣ ಅಕ್ಷರದಲ್ಲಿರುತ್ತದೆ. ಸೇರಿಸಿಕೊಳ್ಳುವ ಕಡೆ ಒಂದು ದೊಡ್ಡ ಅನುಕೂಲವಿದೆ: ನಾಲ್ಕೂ ವರ್ಷಕ್ಕೆ ಒಂದೇ ವೀಸಾ, ಪದವಿ ಮಟ್ಟದ್ದೇ ಆದ್ದರಿಂದ ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಕೆಲಸ.

ಕೊರತೆ ಎಂದರೆ ಈ ವರ್ಷಕ್ಕೆ ಆ ವಿಶ್ವವಿದ್ಯಾಲಯದ ಗೋಡೆಯ ಹೊರಗೆ ಬೆಲೆ ಕಡಿಮೆ. ಎಸೆಕ್ಸ್‌ನಲ್ಲಿ ಸೊನ್ನೆಯ ವರ್ಷ ಮುಗಿಸಿ ‘ಈಗ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಗುತ್ತೇನೆ’ ಎಂದರೆ ಅವರು ಒಪ್ಪುತ್ತಾರೆಂದು ನಂಬಿಕೊಂಡು ಕೂರಬೇಡಿ. ಕೊನೆಯವರೆಗೆ ಇರಲು ಮನಸ್ಸಿರುವ ಕಡೆಗೆ ಮಾತ್ರ ಸೇರಿ.

ಅದಕ್ಕೇ ವಿಭಾಗದ ಸ್ವಭಾವವನ್ನು ಇಲ್ಲೇ ಹೇಳಬೇಕು. ವೇಲ್ಸ್‌ನ ಆಬರಿಸ್ಟ್‌ವಿತ್ ಕಡಲತೀರದ ಸಣ್ಣ ಊರು. ಮೊದಲ ಮಹಾಯುದ್ಧ ಮುಗಿದ ಬೆನ್ನಿಗೇ, 1919ರಲ್ಲಿ, ಡೇವಿಡ್ ಡೇವಿಸ್ ಕುಟುಂಬದ ದೇಣಿಗೆಯಿಂದ ಜಗತ್ತಿನ ಮೊದಲ ಅಂತರರಾಷ್ಟ್ರೀಯ ರಾಜಕೀಯ ವಿಭಾಗ ಶುರುವಾದದ್ದು ಅಲ್ಲಿ. ಪ್ರೊಫೆಸರ್ ಪೀಠಕ್ಕೆ ಆಗಿನ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ ಹೆಸರು. 1936ರಲ್ಲಿ ಅದಕ್ಕೆ ಬಂದ ಇ. ಎಚ್. ಕಾರ್ ವಿಲ್ಸನ್ನರ ಆದರ್ಶವಾದವನ್ನೇ ಕಟುವಾಗಿ ಟೀಕಿಸಿದವರು. ಸಿದ್ಧಾಂತ, ಇತಿಹಾಸದ ಕಡೆ ಒಲವಿರುವವರಿಗೆ ಅದು ತವರು. ವಿದ್ಯಾರ್ಥಿಗಳು ಒಂದೊಂದು ದೇಶದ ಪಾತ್ರ ವಹಿಸಿ ಬಿಕ್ಕಟ್ಟು ಬಿಡಿಸುವ ‘ಕ್ರೈಸಿಸ್ ಗೇಮ್’ ಅಲ್ಲಿ ಬಹುಕಾಲದಿಂದ ಹೆಸರುವಾಸಿ. ಬಾಡಿಗೆ ಲಂಡನ್ನಿಗಿಂತ ಎಷ್ಟೋ ಕಡಿಮೆ. ಬರ್ಮಿಂಗ್‌ಹ್ಯಾಮಿನಿಂದ ರೈಲಿನಲ್ಲಿ ಮೂರು ತಾಸು, ಮಳೆ, ಗಾಳಿ; ಮನೆಯ ಊಟ ನೆನಪಾದರೆ ಬೀದಿ ದಾಟಿದರೆ ಸಿಗುವ ಊರಲ್ಲ.

ಎಸೆಕ್ಸ್ ಇದಕ್ಕೆ ತದ್ವಿರುದ್ಧ. ಅಲ್ಲಿನ ‘ಗವರ್ನಮೆಂಟ್’ ವಿಭಾಗ, ಅಂದರೆ ರಾಜ್ಯಶಾಸ್ತ್ರ ವಿಭಾಗ, ಅಂಕಿಅಂಶ ಇಟ್ಟು ರಾಜಕೀಯ ಓದುವುದಕ್ಕೆ ಪ್ರಸಿದ್ಧ. ಬ್ರಿಟನ್ನಿನ ಸಾಮಾಜಿಕ ದತ್ತಾಂಶದ ಭಂಡಾರ 1967ರಿಂದ ಆ ಕ್ಯಾಂಪಸ್ಸಿನಲ್ಲೇ ಇದೆ. ಮಧ್ಯ ಅಮೆರಿಕದ ಶಾಂತಿ ಯೋಜನೆಗಾಗಿ 1987ರ ನೊಬೆಲ್ ಪಡೆದ ಕೋಸ್ಟರಿಕಾದ ಆಸ್ಕರ್ ಆರಿಯಾಸ್ ಡಾಕ್ಟರೇಟ್ ಮಾಡಿದ್ದು ಅಲ್ಲಿ. ಪಿಯುಸಿಯಲ್ಲಿ ಗಣಿತ, ಸಂಖ್ಯಾಶಾಸ್ತ್ರ ಇಷ್ಟಪಟ್ಟು ಓದಿದವರು ರಾಜಕೀಯಕ್ಕೆ ಬರುವುದಾದರೆ ಈ ಬಗೆಯ ವಿಭಾಗ ಹುಡುಕಲಿ. ಮುಂದೆ ಕೆಲಸದ ಮಾರುಕಟ್ಟೆಯಲ್ಲೂ ಆ ಕೌಶಲಕ್ಕೆ ಗಿರಾಕಿ ಹೆಚ್ಚು. ಅಂಕಿ ಕಂಡರೆ ಬೆವರುವವರು ಎಲ್ಲಿಗೆ ಸೇರುವುದಾದರೂ ಎರಡನೆಯ ವರ್ಷದ ‘ರಿಸರ್ಚ್ ಮೆಥಡ್ಸ್’ ಪಠ್ಯ ನೋಡಿಕೊಂಡೇ ಸೇರಲಿ. ಇನ್ನು ಸಸೆಕ್ಸ್, ಲೆಸ್ಟರ್‌ನಂಥವೂ ಪಟ್ಟಿಯಲ್ಲಿ ಇಟ್ಟುಕೊಳ್ಳಬಹುದಾದವೇ. ಕೆಂಟ್ ಬಗ್ಗೆ ವಿಚಾರಿಸುವವರು ಅದು ಗ್ರೀನಿಚ್ ಜೊತೆ ಒಂದೇ ಗುಂಪಾಗುವ ಯೋಜನೆಯನ್ನು 2025ರಲ್ಲಿ ಪ್ರಕಟಿಸಿದ್ದನ್ನು ಗಮನದಲ್ಲಿಡಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಹಣಕಾಸು ಈಗ ಬಿಗಿಯಾಗಿದೆ. ನಾಲ್ಕು ವರ್ಷದ ಕೋರ್ಸ್ ಎಂದರೆ ನಾಲ್ಕು ವರ್ಷ ಆ ವಿಭಾಗ ಈಗಿನಂತೆಯೇ ಇರಬೇಕಲ್ಲ.

ವಿದೇಶಿಯರಿಗೆಂದೇ ಇರುವ ಫೌಂಡೇಶನ್

ಇದರಲ್ಲಿ ಎರಡು ಜಾತಿ. ವಿಶ್ವವಿದ್ಯಾಲಯವೇ ನಡೆಸುವುದು ಒಂದು: ಲಂಡನ್ನಿನ ಸೋಆಸ್, ಯುಸಿಎಲ್, ಕಿಂಗ್ಸ್, ಕವೆಂಟ್ರಿ ಹತ್ತಿರದ ವಾರ್ವಿಕ್ ಇಂಥ ಕೋರ್ಸ್‌ಗಳಿಗೆ ಹೆಸರಾಗಿವೆ. ಖಾಸಗಿ ಕಂಪನಿಗಳು ವಿಶ್ವವಿದ್ಯಾಲಯದ ಹೆಸರಿನಲ್ಲಿ, ಅದರ ಜೊತೆ ಕರಾರು ಮಾಡಿಕೊಂಡು ನಡೆಸುವ ಕಾಲೇಜುಗಳು ಇನ್ನೊಂದು: ಇಂಟು, ಕಪ್ಲಾನ್, ಸ್ಟಡಿ ಗ್ರೂಪ್, ನವಿತಾಸ್.

ಮೊದಲ ಜಾತಿ ದುಬಾರಿ, ಪ್ರವೇಶವೂ ಕಷ್ಟ, ಆದರೆ ಪಾಠ ಗಟ್ಟಿ. ಸೋಆಸ್ 1916ರಲ್ಲಿ ಶುರುವಾದದ್ದೇ ಏಷ್ಯಾ, ಆಫ್ರಿಕಾಗಳನ್ನು ಓದಲು. ಯೂರೋಪನ್ನು ನಡುವೆ ಇಟ್ಟು ಜಗತ್ತನ್ನು ನೋಡುವ ಐಆರ್ ಬೇಸರ ತರಿಸುತ್ತದೆ ಅನ್ನುವವರಿಗೆ, ದಕ್ಷಿಣ ಏಷ್ಯಾದ ರಾಜಕೀಯವನ್ನು ಭಾಷೆಯ ಜೊತೆಗೇ ಓದಬೇಕು ಅನ್ನುವವರಿಗೆ ಅಂಥ ಜಾಗ ಬೇರೆ ಕಡೆ ಸಿಗುವುದು ಕಷ್ಟ. ಇಂಥ ಕಡೆ ಮಾಡಿದ ಫೌಂಡೇಶನ್ನನ್ನು ಬೇರೆ ವಿಶ್ವವಿದ್ಯಾಲಯಗಳೂ ಒಪ್ಪುವ ಸಂಭವ ಹೆಚ್ಚು. ಆದರೆ ‘ಪರಿಗಣನೆ’ಯೋ ‘ಸೀಟಿನ ಖಾತರಿ’ಯೋ, ಎಷ್ಟು ಅಂಕಕ್ಕೆ, ಯಾವ ಪದವಿಗೆ ಎಂಬುದನ್ನು ಕೋರ್ಸ್ ಕೋರ್ಸಿಗೂ ಬೇರೆಯಾಗಿ ನೋಡಬೇಕು. ಎಲ್‌ಎಸ್‌ಇ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್) ಆಸೆಯಿಂದ ಫೌಂಡೇಶನ್ ಮಾಡುವವರು ಇನ್ನೂ ಎಚ್ಚರವಾಗಿರಬೇಕು: ಎಲ್‌ಎಸ್‌ಇ ತನ್ನ ಪದವಿಗೆ ಸೊನ್ನೆಯ ವರ್ಷವನ್ನು ಜೋಡಿಸಿಲ್ಲ.

ಎರಡನೆಯ ಜಾತಿಯ ಮೇಲೆ ನನಗೆ ಸ್ವಲ್ಪ ಅನುಮಾನ, ಅದನ್ನು ಬಚ್ಚಿಡುವುದಿಲ್ಲ. ಪಾಠ ಕೆಟ್ಟದ್ದೆಂದಲ್ಲ, ತರಗತಿ ಚಿಕ್ಕದು, ಶಿಕ್ಷಕರು ಕೈಹಿಡಿದು ಕಲಿಸುತ್ತಾರೆ, ಇಂಗ್ಲಿಷ್ ಅಳುಕಿರುವವರಿಗೆ ಒಳ್ಳೆಯ ಜಾಗ. ಆದರೆ ನಮ್ಮ ಊರಿನ ಏಜೆಂಟರಿಗೆ ಕಮಿಷನ್ ಬರುವುದು ಇಂಥ ಕಡೆಯಿಂದಲೇ ಹೆಚ್ಚು. ಸಲಹೆಗೆ ನೀವು ದುಡ್ಡು ಕೊಡುತ್ತಿಲ್ಲ ಎಂದರೆ ಬೇರೆ ಯಾರೋ ಕೊಡುತ್ತಿದ್ದಾರೆ. ಶೇ. 85 ಬಂದ ಮಗುವಿಗೂ ಶೇ. 55 ಬಂದ ಮಗುವಿಗೂ ಒಂದೇ ಕಾಲೇಜಿನ ಬ್ರೋಷರ್ ಕೊಟ್ಟರೆ ಎದ್ದು ಬನ್ನಿ. ತರಗತಿಯ ತುಂಬ ವಿದೇಶಿ ಮಕ್ಕಳೇ ಇರುವುದರಿಂದ ಆ ವರ್ಷ ಬ್ರಿಟನ್ನಿನ ವಿದ್ಯಾರ್ಥಿಗಳ ಜೊತೆ ವಾದ ಮಾಡುವ ಅಭ್ಯಾಸವೂ ಆಗುವುದಿಲ್ಲ, ರಾಜಕೀಯ ಓದುವವರಿಗೆ ಅದು ಸಣ್ಣ ನಷ್ಟವಲ್ಲ.

ವೀಸಾ ಲೆಕ್ಕವೂ ಇಲ್ಲಿ ಬೇರೆ. ಫೌಂಡೇಶನ್ ಪ್ರತ್ಯೇಕ ಕೋರ್ಸ್ ಆಗಿದ್ದರೆ ಅದು ಪದವಿಗಿಂತ ಕೆಳಗಿನ ಮಟ್ಟ: ಕೆಲಸ ವಾರಕ್ಕೆ 10 ಗಂಟೆ ಮಾತ್ರ, ಇಂಗ್ಲಿಷಿಗೆ ಬ್ರಿಟನ್ನಿನ ಗೃಹ ಇಲಾಖೆ (ಹೋಮ್ ಆಫೀಸ್) ಒಪ್ಪಿದ ಪರೀಕ್ಷೆಯೇ ಆಗಬೇಕು, ಅಂದರೆ ಐಇಎಲ್‌ಟಿಎಸ್‌ನ ಯುಕೆವಿಐ ಆವೃತ್ತಿಯಂಥದ್ದು. ಪದವಿಗೆ ಹೋಗುವಾಗ ಸಾಮಾನ್ಯವಾಗಿ ಹೊಸ ವೀಸಾ, ಹೊಸ ಫೀ. ಆರೋಗ್ಯ ಸೇವೆಯ ಸರ್‌ಚಾರ್ಜ್ ವರ್ಷಕ್ಕೆ 776 ಪೌಂಡ್. ವೀಸಾ ಎಷ್ಟು ವರ್ಷದ್ದೋ ಅಷ್ಟನ್ನೂ ಮೊದಲೇ ಕಟ್ಟಬೇಕು.

ಸ್ಕಾಟ್ಲೆಂಡ್: ಅದೇ ನಾಲ್ಕು ವರ್ಷ, ಬೇರೆ ಬಗೆ

ನಾಲ್ಕು ವರ್ಷ ಹೇಗಿದ್ದರೂ ಕೊಡುವುದಾದರೆ ಸ್ಕಾಟ್ಲೆಂಡನ್ನು ನೋಡದೆ ನಿರ್ಧರಿಸಬೇಡಿ. ಅಲ್ಲಿ ಆನರ್ಸ್ ಪದವಿ ಮೊದಲಿನಿಂದಲೂ ನಾಲ್ಕು ವರ್ಷ. ಸೇಂಟ್ ಆಂಡ್ರೂಸ್, ಎಡಿನ್‌ಬರ್ಗ್, ಗ್ಲಾಸ್ಗೋ, ಆಬರ್ಡೀನ್ ನಾಲ್ಕರಲ್ಲೂ ಐಆರ್ ಅಥವಾ ರಾಜಕೀಯಕ್ಕೆ ಗಟ್ಟಿ ವಿಭಾಗಗಳಿವೆ. ಮೊದಲ ವರ್ಷ ಐಆರ್ ಜೊತೆ ಇತಿಹಾಸ, ಅರ್ಥಶಾಸ್ತ್ರ ಅಥವಾ ಅರಬ್ಬಿ ಭಾಷೆ ಹೀಗೆ ಬೇರೆ ವಿಷಯಗಳನ್ನೂ ಓದಿ ಆಮೇಲೆ ಒಂದನ್ನು ಹಿಡಿಯಬಹುದು. ‘ಐಆರ್ ನನಗೆ ಇಷ್ಟವೋ ಇಲ್ಲವೋ ಇನ್ನೂ ಗೊತ್ತಿಲ್ಲ’ ಅನ್ನುವ ಮಗುವಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕಾಣೆ. ಫೌಂಡೇಶನ್ನಿನಲ್ಲಿ ಕಳೆಯುವ ವರ್ಷ ಇಲ್ಲಿ ಪದವಿಯ ವರ್ಷವೇ ಆಗಿರುತ್ತದೆ. ಹಳೆಯ ಸ್ಕಾಟಿಷ್ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಎಂ.ಎ. ಆನರ್ಸ್ ಎಂದೇ ಕೊಡುತ್ತಾರೆ, ಮಟ್ಟ ಮಾತ್ರ ಬಿ.ಎ.ಯದು, ಭಾರತಕ್ಕೆ ಮರಳಿ ಅರ್ಜಿ ತುಂಬುವಾಗ ನೆನಪಿರಲಿ.

ತೊಂದರೆ ಎಂದರೆ ಇಲ್ಲಿ ಅಂಕ ಚೆನ್ನಾಗಿಯೇ ಬೇಕು, ಅದರಲ್ಲೂ ಸೇಂಟ್ ಆಂಡ್ರೂಸ್, ಎಡಿನ್‌ಬರ್ಗ್‌ಗೆ. ಫೀಯೂ ಲಂಡನ್ ಮಟ್ಟದ್ದು. ಇಂಗ್ಲೆಂಡಿನಲ್ಲಿ ನೆಲೆಸಿರುವ ಹೋಮ್ ವಿದ್ಯಾರ್ಥಿಗೆ ಅಲ್ಲಿ ಉಚಿತ ಶಿಕ್ಷಣ ಇಲ್ಲ. ಅದು ಸ್ಕಾಟ್ಲೆಂಡಿನಲ್ಲೇ ನೆಲೆಸಿದವರಿಗೆ.

ಹೋಮ್ ವಿದ್ಯಾರ್ಥಿಗಳಿಗೆ ಮಾತ್ರ ತೆರೆದಿರುವ ಎರಡು ದಾರಿ

ಕೇಂಬ್ರಿಡ್ಜ್ 2022ರಿಂದ ಕಲೆ, ಮಾನವಿಕ, ಸಮಾಜ ವಿಜ್ಞಾನಗಳಿಗೆ ಒಂದು ಫೌಂಡೇಶನ್ ವರ್ಷ ನಡೆಸುತ್ತಿದೆ; ಫೀ, ಊಟ, ವಸತಿ ಎಲ್ಲಕ್ಕೂ ಪೂರ್ಣ ನೆರವು. ಆಕ್ಸ್‌ಫರ್ಡಿನ ಆಸ್ಟ್ರೋಫೋರಿಯಾ ಫೌಂಡೇಶನ್ ವರ್ಷದಲ್ಲಿ ಪಿಪಿಇ, ಅಂದರೆ ತತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಸೇರಿದ ಪದವಿಗೆ ದಾರಿ ಇದೆ. ಎರಡೂ ಓದಿಗೆ ಅಡ್ಡಿ ಬಂದ ಮಕ್ಕಳಿಗಾಗಿ: ಕಷ್ಟದ ಮನೆ, ಕಾಯಿಲೆ, ಆರೈಕೆಯ ಹೊಣೆ, ಶಾಲೆ ತಪ್ಪಿದ್ದು. ಡಾಕ್ಟರ್ ದಂಪತಿಯ ಮಗ ಖಾಸಗಿ ಶಾಲೆಯಲ್ಲಿ ಓದಿ ಅಂಕ ಕಳೆದುಕೊಂಡಿದ್ದರೆ ಅದು ಅವನಿಗಲ್ಲ.

ಇನ್ನೊಂದು ದಾರಿ ಆಕ್ಸೆಸ್ ಟು ಹೈಯರ್ ಎಜುಕೇಶನ್ ಡಿಪ್ಲೊಮಾ. 19 ದಾಟಿದವರಿಗೆ, ಊರಿನ ಕಾಲೇಜಿನಲ್ಲೇ ಒಂದು ವರ್ಷ, 60 ಕ್ರೆಡಿಟ್. ಅದಕ್ಕಾಗಿ ತೆಗೆದ ಸಾಲವನ್ನು ಮುಂದೆ ಪದವಿ ಮುಗಿಸಿದರೆ ಮನ್ನಾ ಮಾಡುತ್ತಾರೆ. 2019ರಲ್ಲಿ ಇಂಗ್ಲೆಂಡಿನ ಉನ್ನತ ಶಿಕ್ಷಣದ ಖರ್ಚುವೆಚ್ಚ ಪರಿಶೀಲಿಸಿದ ಆಗರ್ ವರದಿ ‘ಪದವಿಯ ಫೌಂಡೇಶನ್ನಿಗಿಂತ ಇದೇ ವಿದ್ಯಾರ್ಥಿಗೆ ಅಗ್ಗ’ ಎಂಬ ನಿಲುವು ತೆಗೆದುಕೊಂಡದ್ದು ಇದಕ್ಕೇ. ಡಿಪ್ಲೊಮಾ ಹಿಡಿದು ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಬಹುದು, ಒಂದಕ್ಕೇ ಕಟ್ಟುಬೀಳಬೇಕಿಲ್ಲ. ಬದಲಿಗೆ ಸೀಟಿನ ಖಾತರಿ ಇಲ್ಲ, ಕ್ಯಾಂಪಸ್ ಜೀವನವೂ ಇಲ್ಲ. ಮನೆಯಲ್ಲಿ ಇದ್ದು, ಪಾರ್ಟ್‌ಟೈಮ್ ದುಡಿದು ಓದುವವರಿಗೆ, ಮಕ್ಕಳು ದೊಡ್ಡವರಾದ ಮೇಲೆ ಮತ್ತೆ ಓದಲು ಹೊರಟ ತಾಯಂದಿರಿಗೆ ನಾನು ಮೊದಲು ಸೂಚಿಸುವುದು ಇದನ್ನೇ.

ಇಲ್ಲೊಂದು ಸೂಕ್ಷ್ಮವಿದೆ, ಬ್ರಿಟನ್ನಿನ ಕನ್ನಡ ಮನೆಗಳಿಗೆ ಇದು ಮುಖ್ಯ. ಅಪ್ಪ ಅಮ್ಮ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದು ಖಾಯಂ ನೆಲೆಯ ಪರವಾನಗಿ ಇನ್ನೂ ಬಂದಿಲ್ಲವಾದರೆ ಮಗು ಅಲ್ಲೇ ಶಾಲೆ ಓದಿದ್ದರೂ ಸಾಮಾನ್ಯವಾಗಿ ಇಂಟರ್‌ನ್ಯಾಷನಲ್ ಫೀಯೇ. ಹೋಮ್ ಫೀಗೆ ಕೋರ್ಸಿನ ಮೊದಲ ವರ್ಷದ ಮೊದಲ ದಿನಕ್ಕೆ ಖಾಯಂ ನೆಲೆ ಸಿಕ್ಕಿರಬೇಕು, ಅದಕ್ಕೂ ಹಿಂದಿನ ಮೂರು ವರ್ಷ ಅಲ್ಲೇ ವಾಸವಿರಬೇಕು. ಪದವಿಯೊಳಗಿನ ಫೌಂಡೇಶನ್ ಆದರೆ ಆ ‘ಮೊದಲ ದಿನ’ ಸೊನ್ನೆಯ ವರ್ಷದ ಮೊದಲ ದಿನವೇ ಆಗುತ್ತದೆ. ಪರವಾನಗಿ ಇನ್ನು ಆರು ತಿಂಗಳಲ್ಲಿ ಬರುವಂತಿದ್ದರೆ ಪ್ರತ್ಯೇಕವಾದ ಒಂದು ವರ್ಷ ಓದಿ, ಪರವಾನಗಿ ಬಂದ ಮೇಲೆ ಪದವಿಗೆ ಸೇರುವುದು ಹತ್ತಾರು ಸಾವಿರ ಪೌಂಡ್ ಉಳಿಸಬಹುದು. ನಿಮ್ಮ ತಾರೀಕುಗಳನ್ನು ವಿಶ್ವವಿದ್ಯಾಲಯದ ಫೀ ವಿಭಾಗಕ್ಕೆ ಬರೆದು ಲಿಖಿತ ಉತ್ತರ ಪಡೆಯದೆ ಮುಂದುವರಿಯಬೇಡಿ.

ಕರ್ನಾಟಕದಿಂದ ಹೋಗುವವರ ಖರ್ಚು

ಇಂಟರ್‌ನ್ಯಾಷನಲ್ ಫೀ ಕಡಿಮೆ ಇರುವ ಕಡೆ ವರ್ಷಕ್ಕೆ 16ರಿಂದ 20 ಸಾವಿರ ಪೌಂಡ್, ಲಂಡನ್ನಿನ ಹೆಸರಾಂತ ಕಡೆ 30 ಸಾವಿರದ ಆಸುಪಾಸು. ವೀಸಾಕ್ಕೆ ತೋರಿಸಬೇಕಾದ ಖರ್ಚಿನ ಹಣ, 2025ರ ನವೆಂಬರಿನಿಂದ, ಲಂಡನ್ ಹೊರಗೆ ಒಂಬತ್ತು ತಿಂಗಳಿಗೆ 10,539, ಲಂಡನ್ನಿನಲ್ಲಿ 13,761 ಪೌಂಡ್. ಸಾಧಾರಣ ಊರಿನಲ್ಲಿ ಫೀ 18,000, ಖರ್ಚು 10,500 ಹಿಡಿದು, ಪೌಂಡಿಗೆ 115 ರೂಪಾಯಿಯಂತೆ ಲೆಕ್ಕ ಹಾಕಿದರೆ ಮೂರು ವರ್ಷಕ್ಕೆ ಸುಮಾರು 98 ಲಕ್ಷ, ನಾಲ್ಕು ವರ್ಷಕ್ಕೆ 1 ಕೋಟಿ 31 ಲಕ್ಷ. ಅಂದರೆ ಫೌಂಡೇಶನ್ ವರ್ಷದ ಬೆಲೆ ಸುಮಾರು 33 ಲಕ್ಷ. ವಿಮಾನ, ಸರ್‌ಚಾರ್ಜ್, ಬೇಸಿಗೆಯ ಮೂರು ತಿಂಗಳು ಬೇರೆ. ಜಮೀನು ಅಥವಾ ಸೈಟು ಅಡವಿಟ್ಟು ಲೋನ್ ಮಾಡುವ ಮನೆಯಾದರೆ ಈ 33 ಲಕ್ಷದಿಂದ ಮಗುವಿಗೆ ಏನು ಸಿಗುತ್ತದೆ ಎಂದು ಒಂದು ವಾಕ್ಯದಲ್ಲಿ ಬರೆಯಲು ಪ್ರಯತ್ನಿಸಿ. ‘ಸೀಟು ಸಿಗುತ್ತದೆ’ ಎಂಬುದೊಂದೇ ಉತ್ತರವಾದರೆ, ಬೇರೆ ದಾರಿಯಲ್ಲಿ ಅದೇ ಸೀಟು ಸಿಗುತ್ತದೆಯೇ ನೋಡಿ.

ಆ ಬೇರೆ ದಾರಿಗಳಲ್ಲಿ ಒಂದು ಇಲ್ಲೇ ಇದೆ. ಬೆಂಗಳೂರು, ಮೈಸೂರು, ಮಂಗಳೂರಿನ ಒಳ್ಳೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರದಲ್ಲಿ ಬಿ.ಎ. ಮಾಡಿ, ಆಮೇಲೆ ಬ್ರಿಟನ್ನಿನಲ್ಲಿ ಒಂದು ವರ್ಷದ ಮಾಸ್ಟರ್ಸ್. ಒಟ್ಟು ವರ್ಷ ಹೆಚ್ಚುಕಡಿಮೆ ಅಷ್ಟೇ, ಕೊನೆಗೆ ಕೈಯಲ್ಲಿರುವುದು ಮಾಸ್ಟರ್ಸ್, ವಿದೇಶದ ಖರ್ಚು ಒಂದೇ ವರ್ಷದ್ದು. ದೊಡ್ಡ ವಿದ್ಯಾರ್ಥಿವೇತನಗಳು ಬಹುತೇಕ ಮಾಸ್ಟರ್ಸ್‌ಗೇ ಇರುವುದು. ಬ್ರಿಟನ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನ ಬೇಕಾದರೆ ನಡುವೆ ಎರಡು ವರ್ಷ ಕೆಲಸದ ಅನುಭವ ಕೂಡಿಸಿಕೊಳ್ಳಬೇಕು. ಕಳೆದುಕೊಳ್ಳುವುದೂ ಇದೆ: ಹದಿನೆಂಟರ ವಯಸ್ಸಿನಲ್ಲಿ ನೂರು ದೇಶದ ಮಕ್ಕಳ ನಡುವೆ ಕೂತು ಪ್ಯಾಲೆಸ್ಟೀನಿನ ಬಗ್ಗೆ, ಕಾಶ್ಮೀರದ ಬಗ್ಗೆ ವಾದಿಸುವ ಅನುಭವ ಇಲ್ಲಿ ಹಾಗೆ ಸಿಗುವುದಿಲ್ಲ. ಹಣದ ತೊಂದರೆ ಇಲ್ಲದ ಮನೆ ಅದಕ್ಕಾಗಿಯೇ ಹೊರಡುವುದಾದರೆ ಅದು ಸರಿಯಾದ ಕಾರಣವೇ.

‘ಐಎಫ್‌ಎಸ್ ಆಗಬೇಕು, ಅದಕ್ಕೆ ಐಆರ್’ ಅನ್ನುವವರಿಗೆ: ಯುಪಿಎಸ್‌ಸಿಗೆ ಯಾವ ಪದವಿಯಾದರೂ ಸಾಕು, ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳು ಅಲ್ಲಿ ಐಚ್ಛಿಕ ವಿಷಯವಾಗಿದೆ. ಬ್ರಿಟನ್ನಿನ ರಾಜತಾಂತ್ರಿಕ ಸೇವೆಗೆ ಅಲ್ಲಿನ ಪೌರತ್ವ ಬೇಕು. ಓದಿನ ನಂತರ ಕೆಲಸ ಹುಡುಕಲು ಸಿಗುವ ಗ್ರ್ಯಾಜುಯೇಟ್ ವೀಸಾ ಈವರೆಗೆ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ಈಗ ಫೌಂಡೇಶನ್ನಿಗೆ ಸೇರುವವರೆಲ್ಲ ಆ 18 ತಿಂಗಳ ಲೆಕ್ಕದಲ್ಲೇ ಬರುತ್ತಾರೆ.

ಹಾಗಾದರೆ ಯಾರಿಗೆ ಯಾವುದು

ಪಿಯುಸಿಯಲ್ಲಿ ಶೇ. 80ರ ಮೇಲಿರುವವರು ಮೊದಲು ನೇರ ಪ್ರವೇಶಕ್ಕೆ, ಸ್ಕಾಟ್ಲೆಂಡಿಗೆ ಅರ್ಜಿ ಹಾಕಿ. ಯುಕಾಸ್‌ನ ಐದು ಆಯ್ಕೆಗಳಲ್ಲಿ ನಾಲ್ಕನ್ನಾದರೂ ಇದಕ್ಕೇ ಇಡಿ. ಶೇ. 60ರಿಂದ 75ರ ನಡುವೆ ಇದ್ದು, ಹಣವಿದ್ದು, ವಿಷಯದ ಮೇಲೆ ನಿಜವಾದ ಪ್ರೀತಿ ಇರುವವರಿಗೆ ಫೌಂಡೇಶನ್ ಅರ್ಥಪೂರ್ಣ. ಅದರಲ್ಲೂ ವಿದೇಶಿಯರನ್ನು ಸೇರಿಸಿಕೊಳ್ಳುವ, ಪದವಿಯೊಳಗೇ ಇರುವ ಕೋರ್ಸ್ ಸಿಕ್ಕರೆ ಅದು ಮೊದಲು, ವಿಶ್ವವಿದ್ಯಾಲಯದ ಸ್ವಂತ ಕೋರ್ಸ್ ಆಮೇಲೆ, ಖಾಸಗಿ ಕಾಲೇಜು ಕೊನೆಗೆ. ಲೋನ್ ಮಾಡಿಯೇ ಹೋಗಬೇಕಾದವರು ಇಲ್ಲಿ ಬಿ.ಎ. ಮಾಡಿ. ಹೋಮ್ ವಿದ್ಯಾರ್ಥಿಗಳಲ್ಲಿ ಹದಿನೆಂಟರವರಿಗೆ ಪದವಿಯೊಳಗಿನ ಫೌಂಡೇಶನ್, ಹತ್ತೊಂಬತ್ತು ದಾಟಿದವರಿಗೆ ಆಕ್ಸೆಸ್.

ಸಮಯದ ಬಗ್ಗೆ ಕೊನೆಯ ಮಾತು. ಯುಕಾಸ್‌ನ ಮುಖ್ಯ ಗಡುವು ಜನವರಿಯಲ್ಲಿ. ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆ ಮಾರ್ಚಿನಲ್ಲಿ. ಅರ್ಜಿ ಹಾಕುವಾಗ ಕೈಯಲ್ಲಿ ಫಲಿತಾಂಶ ಇರುವುದಿಲ್ಲ, ನಿರೀಕ್ಷಿತ ಅಂಕಗಳ ಪತ್ರ ಬೇಕು. ನಮ್ಮ ಬಹಳಷ್ಟು ಪಿಯು ಕಾಲೇಜುಗಳಿಗೆ ಇಂಥ ಪತ್ರ ಕೊಟ್ಟು ರೂಢಿಯಿಲ್ಲ. ಅಕ್ಟೋಬರಿನಲ್ಲೇ ಪ್ರಾಂಶುಪಾಲರನ್ನು ಕಂಡು, ಮಧ್ಯವಾರ್ಷಿಕ ಅಂಕಗಳನ್ನು ಆಧರಿಸಿ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ, ವಿಷಯ ಕಲಿಸುವ ಉಪನ್ಯಾಸಕರೊಬ್ಬರಿಂದ ಶಿಫಾರಸು ಪತ್ರವನ್ನೂ ಕೇಳಿಡಿ. ಜನವರಿ ತಪ್ಪಿದರೂ ಸೀಟು ಖಾಲಿ ಇರುವ ಕಡೆ ಜೂನ್ ಕೊನೆಯವರೆಗೆ ಅರ್ಜಿ ತೆಗೆದುಕೊಳ್ಳುತ್ತಾರೆ, ಆಮೇಲೆ ಉಳಿದ ಸೀಟುಗಳನ್ನು ತುಂಬುವ ಕ್ಲಿಯರಿಂಗ್. ಏಪ್ರಿಲಿನಲ್ಲಿ ಫಲಿತಾಂಶ ನೋಡಿಕೊಂಡು, ನೇರ ಪ್ರವೇಶಕ್ಕೆ ಅಂಕ ಸಾಕೋ ಸಾಲದೋ ಖಚಿತವಾದ ಮೇಲೆ ಫೌಂಡೇಶನ್ನಿಗೆ ಡೆಪಾಸಿಟ್ ಕಟ್ಟಿದರೂ ತಡವಾಗುವುದಿಲ್ಲ. ‘ಈ ವಾರವೇ ಕಟ್ಟಬೇಕು’ ಎಂದು ಡಿಸೆಂಬರಿನಲ್ಲಿ ಅವಸರ ಮಾಡುವವರಿಗೆ, ವೀಸಾ ಸಿಗದಿದ್ದರೆ ಅಥವಾ ಮನಸ್ಸು ಬದಲಾದರೆ ಡೆಪಾಸಿಟ್ ವಾಪಸ್ ಬರುವ ನಿಯಮ ಯಾವ ಪುಟದಲ್ಲಿದೆ ಎಂದು ಕೇಳಿ, ಆ ಪುಟವನ್ನು ಓದಿದ ಮೇಲೆ ಉತ್ತರ ಕೊಡಿ.